ಮೂರು ಥಪ್ಪಿ, ಹನ್ನೆರಡು ಬಿಡಿ

೬ ಜನವರಿ, ಸೋಮವಾರ. ಬಸ್ಸಿನಲ್ಲಿ, ಬೆಳಿಗ್ಗೆ ೭.೪೦

ಇವತ್ತೂ ಕಿಟಕಿ ಸೀಟಿಲ್ಲ. ಸೊಲ್ಲಾಪುರದಿಂದ ಅಕ್ಕಲಕೋಟೆಗೆ ಎಸ್‌ಟಿ ಬಸ್ಸು, ಅಲ್ಲಿಂದ ಕರಜಗಿಗೆ ಜನ ತುಂಬಿಸಿಕೊಂಡು ಹೋಗುವ ವಡಾಪ್ ಜೀಪು, ಕೊನೆಗೆ ವಸ್ತಿಯ ಕನ್ನಡ ಶಾಲೆವರೆಗೆ ಎರಡು ಕಿಲೋಮೀಟರು ಕಾಲ್ನಡಿಗೆ. ಹನ್ನೊಂದು ವರ್ಷದಿಂದ ಇದೇ.

ಹೋದ ವಾರ ಮೂರು ದಿನ ಟ್ರೇನಿಂಗು. ವಿಷಯ — ಜ್ಞಾನರಚನಾವಾದ. ಮಗು ತನ್ನ ತಿಳಿವಳಿಕೆಯನ್ನು ತಾನೇ ಕಟ್ಟಿಕೊಳ್ಳುತ್ತದೆ, ಮನೆಯಲ್ಲಿ ಕಂಡದ್ದರ ಮೇಲೆಯೇ ಹೊಸದನ್ನು ಕಟ್ಟುತ್ತದೆ, ಆದ್ದರಿಂದ ಶಿಕ್ಷಕರು ಹೆಚ್ಚು ಮಾತಾಡಬಾರದು... ಇದನ್ನು ಒಬ್ಬರೇ ಎರಡೂವರೆ ಗಂಟೆ ಮಾತಾಡಿದರು. ನಾವು ನಲವತ್ತು ಜನ ಬಾಯಿ ಮುಚ್ಚಿಕೊಂಡು ಬರೆದುಕೊಂಡೆವು. ಯಾರೋ ಪ್ರಶ್ನೆ ಕೇಳಿದರು. ಚಹಾ ಆದಮೇಲೆ ಅಂದರು. ಚಹಾ ಆದಮೇಲೆ ಸರ್ಟಿಫಿಕೇಟ್ ಕೊಟ್ಟರು.

ಆದರೂ ಮಾತು ಮನಸ್ಸಿಗೆ ಹಿಡಿಸಿತು. ಸುಳ್ಳು ಯಾಕೆ ಹೇಳಲಿ, ಬಹಳ ಹಿಡಿಸಿತು.

೮ ಜನವರಿ

ನೆಲ ರೆಡಿ! ಅಕ್ಕಲಕೋಟೆಯ ಪೇಂಟರ್ ನಾಲ್ಕು ದಿನ ಕೂತು ಬರೆದಿದ್ದಾನೆ. ತರಗತಿಯ ಇಡೀ ಫರಸಿಯ ಮೇಲೆ ಸಂಖ್ಯಾಪಟ್ಟಿ, ಹತ್ತು ಹತ್ತು ಕಡ್ಡಿಯ ಕಟ್ಟುಗಳು, ಹೂವಿನ ಎಸಳಿನಲ್ಲಿ ಅಕ್ಷರ. ಮಕ್ಕಳು ಅದರ ಮೇಲೆ ಕೂತು, ಜಿಗಿದು, ಎಣಿಸಿ ಕಲಿಯಬೇಕು. ಹತ್ತೊಂಬತ್ತೂ ಮಕ್ಕಳು ಚಪ್ಪಲಿ ಬಿಟ್ಟು ಒಳಗೆ ನುಗ್ಗಿದವು.

"ಏ ಏ ಏ! ಹೊರಗ ನಡೀರಿ!" ಕಲ್ಯಾಣಪ್ಪ ಸರ್. ಹೆಡ್‌ಮಾಸ್ಟರು. ಶಾಲೆಗೆ ನಾವಿಬ್ಬರೇ ಶಿಕ್ಷಕರು. "ಶೀತಲಬಾಯಿ, ಸಾಹೇಬ್ರು ತಪಾಸಣಿಗಿ ಬಂದ ಹೋಗೂತನಕ ಒಳಗ ಯಾರೂ ಕಾಲಿಡೂದ ಬ್ಯಾಡ್ರಿ. ರಂಗ ಹೋಗ್ತದ."

"ಸರ್, ಅದರ ಮ್ಯಾಲ ಆಡ್ಲಿ ಅಂತs ಬರಸೀವಲ್ರಿ?"

"ಆಡ್ತಾವ ಬಿಡ್ರಿ. ಫೆಬ್ರುವರಿ ಆದಮ್ಯಾಲ."

ಬಾಗಿಲಿಗೆ ಕೀಲಿ. ನಾವೆಲ್ಲ ಬೇವಿನ ಗಿಡದ ಕೆಳಗೆ. ಜ್ಞಾನರಚನಾವಾದವನ್ನು ಮಕ್ಕಳು ಕಿಟಕಿಯಿಂದ ನೋಡುತ್ತಿವೆ.

೯ ಜನವರಿ

ಸಾಯಲಿ. ಮೂರನೇ ಇಯತ್ತೆ, ಅಂದರೆ ಮೂರನೇ ತರಗತಿ. ಚುರುಕು ಕಣ್ಣು, ಎಣ್ಣೆ ಹಚ್ಚಿ ಬಿಗಿದ ಎರಡು ಜಡೆ. ಅಪ್ಪ-ಅವ್ವ ಸೊಲ್ಲಾಪುರದಲ್ಲಿ ನೂಲಿನ ಸೂತಗಿರಣಿಗೆ ಹೋಗುತ್ತಾರೆ, ಇವಳು ಇಲ್ಲಿ ಅಜ್ಜಿ ಭಾಗಾಬಾಯಿಯ ಹತ್ತಿರ, ಆಯಿ ಅನ್ನುತ್ತಾಳೆ. ಓದೋದು ಚೆನ್ನ. ಲೆಕ್ಕ ಮಾತ್ರ... ದೇವರೇ.

೩೫ ಕೂಡಿಸು ೨೮. ಪಾಟಿಯ ಮೇಲೆ ಬರೆದದ್ದು ೩೩. ೨೬ ಕೂಡಿಸು ೧೯. ಬರೆದದ್ದು ೨೫. ಕೂಡಿಸಿದರೆ ಕಡಿಮೆ ಆಗುತ್ತದೇನೇ ಅಂದೆ. ಪಾಟಿ ಒರೆಸಿಕೊಂಡಳು. ೪೭ ಕೂಡಿಸು ೨೫ — ೩೧೨! ಎಲ್ಲಿಂದ ಬಂತು ಮುನ್ನೂರ ಹನ್ನೆರಡು? ಮೇಲಾಗಿ ಎಲ್ಲರಿಗಿಂತ ಮೊದಲು ಪಾಟಿ ಎತ್ತಿ ತೋರಿಸುತ್ತಾಳೆ. ಅದೇ ಸಿಟ್ಟು ಬರೋದು.

೧೮ ಜನವರಿ, ಶನಿವಾರ

ಸಂಕ್ರಾಂತಿ ರಜೆ ಮುಗಿಯಿತು. ಸಾಯಲಿಯ ಅಪ್ಪ ಧರ್ಮರಾಜ ಬಂದಿದ್ದ. ಬಾಗಿಲಲ್ಲೇ ನಿಂತು ಕೇಳಿದ: "ಹೆಂಗದಾಳ್ರಿ ಬಾಯಾರ, ನಮ್ಮ ಹುಡಗಿ?"

ನಾನು ಪಾಟಿ ತೋರಿಸಿದೆ. "ಓದ್ತಾಳಪ್ಪಾ. ಖರೇ ಅಂದ್ರ ಲೆಕ್ಕ ಅಕಿ ತಲಿಗಿ ಹತ್ತಂಗಿಲ್ಲ."

ಸಾಯಲಿ ಅಲ್ಲೇ ಇದ್ದಳು. ಅದನ್ನು ನೋಡಿಕೊಳ್ಳಬೇಕಿತ್ತು.

ಅವನು ಪಾಟಿ ಕೈಗೆ ತಗೊಂಡು ನೋಡಿದ. ಆಮೇಲೆ ಹೇಳಿದ — ಹಂಗಾದರೆ ಜೂನಿಗೆ ಸೊಲ್ಲಾಪುರಕ್ಕೆ ಒಯ್ಯುತ್ತಾನಂತೆ, ಮರಾಠಿ ಶಾಲೆಗೆ. ಮರಾಠಿ ಅಕ್ಷರ ಬರೋದಿಲ್ಲ, ಒಂದನೇ ಇಯತ್ತೆಯಲ್ಲಿ ಕೂರಿಸುತ್ತಾರೆ ಅಂದೆ. ಒಂಬತ್ತು ವರ್ಷದ ಹುಡುಗಿ, ಆರು ವರ್ಷದವರ ನಡುವೆ.

"ಕುಂದರ್ಲಿ ಬಿಡ್ರಿ. ಇಲ್ಲಿ ಏನು ಬಂತು ಅಕಿಗಿ?" ಪಾಟಿ ತಿರುಗಿ ಕೊಡುತ್ತ ಅಂದ, "ಸಾಹೇಬ್ರು ಬರ್ತಾರಂತಲ್ರಿ. ಅವ್ರ ಮುಂದ ಒಂದ ಲೆಕ್ಕ ಸರಿ ಮಾಡ್ಲಿ. ಇಲ್ಲೇ ಬಿಡ್ತೀನಿ."

ಮಾತು ಬಾಯಿಂದ ಜಾರಿತ್ತು. ಇನ್ನು ಕಲಿಸೋದೊಂದೇ ದಾರಿ.

೨೨ ಜನವರಿ

ಊಟದ ಬಿಡುವಿನಲ್ಲೂ ಕೂರಿಸಿದೆ. ಕಡ್ಡಿ, ರಬ್ಬರ್ ಬ್ಯಾಂಡ್. ಹತ್ತು ಕಡ್ಡಿಗೆ ಒಂದು ಕಟ್ಟು, ಉಳಿದದ್ದು ಬಿಡಿ. ಹತ್ತು ಸಲ ಹೇಳಿದೆ. ಹನ್ನೊಂದನೇ ಸಲ ಅವಳು ಇಪ್ಪತ್ತು ಕಡ್ಡಿ ಸೇರಿಸಿ ಒಂದೇ ರಬ್ಬರ್ ಹಾಕಿದಳು. ಕೈ ಮೇಲೆ ಹೊಡೆದೆ.

ಜೋರಾಗಿ ಅಲ್ಲ. ಆದರೂ ಹೊಡೆದೆ. ಸರ್ಟಿಫಿಕೇಟ್ ಬ್ಯಾಗಿನಲ್ಲೇ ಇತ್ತು.

೨೮ ಜನವರಿ. ಬಸ್ಸಿನಲ್ಲಿ

ಈಗ ಸರಿ ಬರುತ್ತಿದೆ. ಹತ್ತರದ್ದೇ ಕಟ್ಟು. ಮೊದಲಿನಂತೆ ಬೇಗ ಮಾಡುವುದಿಲ್ಲ, ಪಾಟಿ ಎತ್ತಿ ತೋರಿಸುವುದೂ ಇಲ್ಲ. ಒಂದೊಂದು ಕಡ್ಡಿಗೂ ನನ್ನ ಮುಖ ನೋಡುತ್ತಾಳೆ. ನಾನು ಹೂಂ ಅಂದರೆ ಮುಂದಿನದು.

ಕಲ್ಯಾಣಪ್ಪ ಸರ್ ಖುಷಿ. ನನಗೆ ಯಾಕೋ ಇಲ್ಲ.

೩೦ ಜನವರಿ, ಗುರುವಾರ. ಸಂಜೆ

ಸಾಯಲಿ ಎರಡು ದಿನ ಗೈರು. ಮನೆಗೆ ಹೋದೆ. 

ಭಾಗಾಬಾಯಿ ಒಲೆಯ ಮುಂದೆ. ಸೊಲ್ಲಾಪುರದ ಖಾನಾವಳಿಗೆ ಕಡಕ್ ರೊಟ್ಟಿ ಕಳಿಸುತ್ತಾಳೆ. ಮೊಣಕಾಲು ಹಿಡಿದಿತ್ತು, ಅದಕ್ಕೇ ಹುಡುಗಿಯನ್ನು ಮನೆಯಲ್ಲಿ ಇಟ್ಟುಕೊಂಡಿದ್ದಳು. ಸಾಯಲಿ ಬೆನ್ನು ಮಾಡಿ ಕೂತು ಒಣಗಿದ ರೊಟ್ಟಿಗಳನ್ನು ಒಂದರ ಮೇಲೊಂದು ಥಪ್ಪಿಯಾಗಿ ಒಟ್ಟುತ್ತಿದ್ದಳು, ನಾನು ಬಂದದ್ದು ನೋಡಿರಲಿಲ್ಲ. ಆ ಕೈ ವೇಗ!

"ಎಷ್ಟಾದುವs?" ಆಯಿ ಕೇಳಿದಳು.

"ಮೂರು ಥಪ್ಪಿ, ಹನ್ನೆರಡು ಬಿಡಿ ಆಯಿ."

"ಥಪ್ಪಿಗಿ ಎಷ್ಟು ಇಡ್ತೀರಿ ಆಯಿ?" ನಾನು ಕೇಳಿದೆ.

"ಇಪ್ಪತ್ತರಿ ಬಾಯಾರ. ನಮ್ಮವ್ವನೂ ಇಪ್ಪತ್ತs ಇಡ್ತಿದ್ಳು. ಮ್ಯಾಲ ಒಟ್ಟಿದ್ರ ಕೆಳಗಿಂದು ಮುರೀತಾವ." ಗೋಡೆಯ ಮೇಲೆ ಸುಣ್ಣದ ಕಡ್ಡಿಯಲ್ಲಿ ಸಾಯಲಿಯ ಅಕ್ಷರ: ೩ ೧೨.

ಮೂರು ಇಪ್ಪತ್ತು ಅರವತ್ತು. ಮೇಲೆ ಹನ್ನೆರಡು. ಎಪ್ಪತ್ತೆರಡು.

೪೭ ಮತ್ತು ೨೫, ಎಪ್ಪತ್ತೆರಡು.

ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ೩೩ ಅಂದರೆ ಮೂರು ಥಪ್ಪಿ ಮೂರು, ಅರವತ್ತಮೂರು. ೨೫ ಅಂದರೆ ನಲವತ್ತೈದು. ಅವಳ ಚೀಲದಿಂದ ಲೆಕ್ಕದ ಹಳೇ ವಹಿ ತೆಗೆದು ನೋಡಿದೆ: ಮೂವತ್ತು ಲೆಕ್ಕದಲ್ಲಿ ಎರಡು ಬಿಟ್ಟು ಎಲ್ಲವೂ ಸರಿ ಇದ್ದವು, ಎಲ್ಲದಕ್ಕೂ ಕೆಂಪು ಗೀಟು ಹಾಕಿದ್ದೇನೆ. ಹುಡುಗಿ ಬಾಯಲ್ಲೇ ಕೂಡಿಸಿ ಇಪ್ಪತ್ತರಲ್ಲಿ ಒಟ್ಟುತ್ತಿದ್ದಳು. ಬರೆಯುವ ರೀತಿ ಒಂದು ಹೇಳಿಕೊಟ್ಟಿದ್ದರೆ ಸಾಕಿತ್ತು. ಒಂದು ಸಲ "ಹೆಂಗ ಮಾಡಿದೆವ್ವಾ?" ಅಂತ ಕೇಳಲಿಲ್ಲ ನಾನು. ಒಂದೇ ಒಂದು ಸಲ. ನಾಚಿಕೆಯಾಗುತ್ತಿದೆ.

೩೧ ಜನವರಿ

ಬೇವಿನ ಗಿಡದ ಕೆಳಗೆ ಅವಳನ್ನು ಬೇರೆ ಕೂರಿಸಿಕೊಂಡೆ. "ಸಾಯಲಿ, ಥಪ್ಪಿ ಲೆಕ್ಕ ಮಾಡವ್ವಾ. ನಿಂದು ಸರಿ ಐತಿ."

"ಬ್ಯಾಡ್ರಿ ಬಾಯಾರ. ಅದು ತಪ್ಪು."

"ಯಾರಂದ್ರು ತಪ್ಪಂತ?"

"ನೀವs."

ಸೆರಗಿನಲ್ಲಿ ಮುಖ ಒರೆಸಿಕೊಂಡೆ, ಧೂಳು ಅಂದೆ.

ಕಲ್ಯಾಣಪ್ಪ ಸರ್‌ಗೆ ಹೇಳಿದೆ, ಸಾಹೇಬರ ಮುಂದೆ ಹುಡುಗಿ ತನ್ನ ರೀತಿಯಲ್ಲಿ ಮಾಡಲಿ, ನಾನು ವಿವರಿಸುತ್ತೇನೆ. ಅವರು ಕೈ ಮುಗಿದರು. "ಥಪ್ಪಿ ಗಿಪ್ಪಿ ತರಬ್ಯಾಡ್ರಿ ಬಾಯಿ. ನೆಲದ ಮ್ಯಾಲ ಹತ್ತರ ಕಟ್ಟು ಬರಸೀವಿ. ಹುಡಗಿ ಅಪ್ಪ ಬ್ಯಾರೆ ಕಾಯಾಕತ್ತಾನ. ಈಗ ಸರಿ ಹೇಳ್ತಾಳಲ್ಲ, ಹಂಗs ಹೇಳ್ಲಿ."

ಅಪ್ಪನ ಹೆಸರು ಹೇಳಿ ನನ್ನ ಬಾಯಿ ಕಟ್ಟಿದರು. ನಾನೂ ಕಟ್ಟಿಸಿಕೊಂಡೆ.

೧೩ ಫೆಬ್ರುವರಿ, ಗುರುವಾರ

ಸಾಹೇಬರು ಬಂದರು. ಕೀಲಿ ತೆಗೆದರು. ಐದು ವಾರದ ಮೇಲೆ ಮಕ್ಕಳು ತಮ್ಮ ತರಗತಿಗೆ ಬಂದರು, ಚಿತ್ರ ತುಳಿಯದ ಹಾಗೆ ತುದಿಗಾಲಲ್ಲಿ.

೩೮ ಕೂಡಿಸು ೩೪. ಸಾಯಲಿ ಎದ್ದಳು, ಕಟ್ಟು ಇಟ್ಟಳು. "ಏಳು ಕಟ್ಟು, ಎರಡು ಬಿಡಿ. ಎಪ್ಪತ್ತೆರಡು ಸರ್." ಚಪ್ಪಾಳೆ. ಬಾಗಿಲಲ್ಲಿ ಧರ್ಮರಾಜ ಕಣ್ಣು ಒರೆಸಿಕೊಂಡ.

"ಶಾಬ್ಬಾಸ್. ಏಳು ಕಟ್ಟು ಹ್ಯಾಂಗ ಬಂದ್ವು?" ಸಾಹೇಬರು ಕೇಳಿದರು. ನಾನು ಕೇಳದ ಪ್ರಶ್ನೆ, ಅವರು ಕೇಳಿದರು.

"ಬಾಯಾರು ಹಿಂಗs ಮಾಡಂದಾರ್ರಿ."

ಸಾಹೇಬರು ನಕ್ಕು ಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ 'ಪ್ರಗತ' ಅಂತ ಬರೆದರು, ಅಂದರೆ ಕಲಿಕೆಯಲ್ಲಿ ಮುಂದಿರುವ ಮಗು. ನನ್ನ ಹೆಸರೂ ಕೇಳಿ ಬರೆದುಕೊಂಡರು, ಒಳ್ಳೆಯ ಶಿಕ್ಷಕಿ ಅಂತ. ಹುಡುಗಿ ಇಲ್ಲೇ ಇರುತ್ತಾಳೆ. ನನಗೆ ಬೇಕಾಗಿದ್ದದ್ದು ಇದೇ ತಾನೆ?

೧೭ ಫೆಬ್ರುವರಿ, ಸೋಮವಾರ. ತರಗತಿಯಲ್ಲಿ, ಸಂಜೆ ೫.೧೦

ಮಧ್ಯಾಹ್ನ ಭಾಗಾಬಾಯಿ ಬಂದಿದ್ದಳು, ಕುಂಟುತ್ತ. ತಲೆಯ ಮೇಲೆ ರೊಟ್ಟಿ ಬುಟ್ಟಿ.

"ಬಾಯಾರ, ಸಿಟ್ಟಿಗಿ ಬರಬ್ಯಾಡ್ರಿ. ನಿನ್ನಿ ಖಾನಾವಳಿಗಿ ಹದಿನಾಕು ರೊಟ್ಟಿ ಕಮ್ಮಿ ಹೋಗ್ಯಾವ. ಕೂಸು ಎಣಸೂದs ಮರತದ್ರಿ. ಹತ್ತು ಇಡತದ, ತಗೀತದ, ಮತ್ತ ಇಡತದ. ಎಷ್ಟವ್ವಾ ಅಂದ್ರ, ಬಾಯಾರ್ನ ಕೇಳಿ ಹೇಳ್ತೀನಿ ಅಂತದ."

ಬುಟ್ಟಿ ಇಲ್ಲೇ ಇಟ್ಟು ಹೋಗಿರಿ ಆಯಿ ಅಂದೆ. ಮಕ್ಕಳು ಹೋದಮೇಲೆ ಸಾಯಲಿಯನ್ನು ನಿಲ್ಲಿಸಿಕೊಂಡೆ. ರೊಟ್ಟಿಯನ್ನೆಲ್ಲ ಬಣ್ಣದ ನೆಲದ ಮೇಲೆ ಸುರುವಿದೆ, ಹತ್ತರ ಕಟ್ಟು ಮುಚ್ಚಿಹೋಗುವ ಹಾಗೆ. ಎಷ್ಟಿವೆ ಅಂತ ನನಗೆ ಖರೇ ಗೊತ್ತಿಲ್ಲ, ನೀನೇ ಹೇಳಬೇಕು ಅಂದೆ. ಅವಳು ನನ್ನ ಮುಖ ನೋಡಿದಳು.

ಅದಕ್ಕೇ ಈ ವಹಿ ತೆಗೆದು ಬರೆಯುತ್ತ ಕೂತಿದ್ದೇನೆ. ಮುಖ ಅವಳಿಗೆ ಸಿಗಬಾರದು. ೫.೪೦ರ ಜೀಪು ಹೋಗಲಿ. ಆರರದ್ದೂ ಹೋಗಲಿ.

ಮೊದಲು ಸದ್ದೇ ಇರಲಿಲ್ಲ. ಈಗ ರೊಟ್ಟಿ ಮೇಲೆ ರೊಟ್ಟಿ ಇಡುವ ಕಟಕಟ. ನಿಂತಿತು. ಮತ್ತೆ ಶುರು. ಹತ್ತಾದವೆಂದು ಕಾಣುತ್ತದೆ, ಅಲ್ಲೇ ತಡೆದಿದ್ದಾಳೆ...

"ಬಾಯಾರ?"

ತಲೆ ಎತ್ತುವುದಿಲ್ಲ.

"ಬಾಯಾರ, ಇದರ ಮ್ಯಾಲs ಇನ್ನೂ ಇಡ್ಲೇನ್ರಿ?"

ಇಡು ಅಂತ ಹೇಳಲೂ ಬಾರದು. ಹೇಳಿದರೆ ಅದೂ ನನ್ನದೇ ಆಗುತ್ತದೆ. ಬರೆಯುತ್ತಿರಬೇಕು, ಏನಾದರೂ ಬರೆಯುತ್ತಿರಬೇಕು. ಅವಳು ಕಾಯುತ್ತಿದ್ದಾಳೆ. ನಾನೂ. ಒಂದು ರೊಟ್ಟಿಯ ಸದ್ದು. ಹನ್ನೊಂದು. ಮತ್ತೊಂ—