ಕೋಮಲಾಳ ಲಾಗಿನ್

ಜನವರಿ ೧೧, ಭಾನುವಾರ. ಬೆಳಿಗ್ಗೆ ೭:೨೦

ಕಂಪ್ಯೂಟರ್ ಪರದೆಯ ಪ್ಯಾನಲ್ ಪಟ್ಟೀನ ಮತ್ತೆ ಎಡಗಡೆಗೆ ತಂದೆ. ಕೆಳಗಿದ್ರೆ ಜಾಗ ತಿನ್ನುತ್ತೆ. ಎಳೆಯೋವಾಗ ಎಲ್ಲೋ ಕೈ ತಗುಲಿ ಇಡೀ ಪಟ್ಟಿನೇ ಮಾಯ. ಗಡಿಯಾರ ಇಲ್ಲ, ಮೆನು ಇಲ್ಲ, ಆಫ್ ಮಾಡೋ ಗುಂಡಿನೂ ಇಲ್ಲ. ಮುಕ್ಕಾಲು ಗಂಟೆ ಒದ್ದಾಡಿ ವಾಪಸ್ ತಂದೆ. ಯಾಕೆ ಹೋಯ್ತು ಗೊತ್ತಾಗ್ಲಿಲ್ಲ. ಬೇಕಂತಲೇ ಇನ್ನೊಂದ್ಸಲ ಕಳೆದು ನೋಡ್ದೆ. ಈಗ ಗೊತ್ತಾಯ್ತು. ಖುಷಿ.

ಗಡಿಯಾರಕ್ಕೆ ಕನ್ನಡ ಅಂಕಿ ಬಂದಿದೆ. ೭:೧೨. ಸುಮ್ನೆ ನೋಡ್ತಾ ಕೂತೆ, ೭:೧೯ ಆಗೋಯ್ತು.

ಈ ಡಬ್ಬಾನ ಹೋದ ಅಕ್ಟೋಬರಲ್ಲಿ ಅಂಗಡಿಯವ್ನು ಎಸೀರಿ ಸಾರ್ ಅಂದಿದ್ದ. ಹೊಸ ವಿಂಡೋಸ್ ಹಿಡಿಯಲ್ವಂತೆ. ಗುಬ್ಬಿಲಿ ನಮ್ ಕಾಲೇಜಿನ ಕಂಪ್ಯೂಟರ್ ರೂಮ್ ನೋಡ್ಕೊಳೋ ಬಸವಪ್ರಭು ಒಂದು ಪೆನ್‌ಡ್ರೈವ್ ಕೊಟ್ಟ. ಲಿನಕ್ಸ್ ಹಾಕ್ಕೊಳಿ ಹನುಮಂತರಾಜಣ್ಣ, ಯಾರಪ್ಪಂದೂ ಅಲ್ಲ, ಬೇಕಾದ ಹಾಗೆ ಬಿಚ್ಚಿ ಕಟ್ಟಬೋದು ಅಂದ. ಆಫೀಸಲ್ಲಿ ಇಪ್ಪತ್ತೆಂಟು ವರ್ಷ ಗುಮಾಸ್ತ. ಬೇಕಾದ ಹಾಗೆ ಬಿಚ್ಚಿ ಕಟ್ಟು ಅಂತ ಯಾರೂ ನಂಗೆ ಹೇಳಿರ್ಲಿಲ್ಲ.

ನನ್ನ ಹೆಂಡ್ತಿ ಕೋಮಲಾ ಕಾಫಿ ತಂದ್ಲು. ಪರದೆ ನೋಡಿ ಇವತ್ತು ಎಲ್ಲಿಂದ ಒಳಗೆ ಹೋಗ್ಬೇಕು ಅಂತ ಕೇಳಿದ್ಲು, ವಾರಕ್ಕೊಂದ್ಸಲ ಬಾಗಿಲು ಬದಲಾಯಿಸೋ ಮನೆ ಇದು ಅಂತ. ಅವಳಿಗೆ ಬೇರೆ ಲಾಗಿನ್ ಮಾಡಿಕೊಟ್ಟಿದೀನಿ. ಅದರೊಳಗೆ ಒಂದೇ ಕಡತ. ಅವಳ ಹತ್ರ ಬ್ಲೌಸ್ ಹೊಲಿಸೋ ಇಡೀ ಶೆಟ್ಟಿಹಳ್ಳಿ ಹೆಂಗಸರ ಅಳತೆ. ಹನ್ನೆರಡು ವರ್ಷದ ಹರಿದ ನೋಟ್‌ಬುಕ್ ನೋಡಿ ಟೈಪ್ ಮಾಡಿದ್ದು ನಾನೇ, ಹೋದ ವರ್ಷಕ್ಕೂ ಹಿಂದಿನ ದೀಪಾವಳಿಗೆ. ನೋಟ್‌ಬುಕ್ ಗುಜರಿಗೆ ಹಾಕಿದ್ದೂ ನಾನೇ.

ಜನವರಿ ೧೩. ಟ್ರೈನಲ್ಲಿ

ಸೂಪರಿಂಟೆಂಡೆಂಟ್ ಇವತ್ತೂ ಅದೇ ಮಾತು. ಏನ್ರಿ ಇಳಿದುಹೋಗಿದೀರಿ. ಅಂಗಿ ಎಳೆದು ತೋರಿಸ್ದೆ, ಮೂರು ವರ್ಷದ ಹಳೇ ಅಂಗಿ ಸಾರ್, ಮೈಗೆ ಅಂಟಿಸಿದ ಹಾಗಿದೆ, ಎಲ್ಲಿ ಇಳಿದಿದೀನಿ ಅಂತ. ಮತ್ತೆ ಫೈಲಿಗೆ ತಲೆ ಹಾಕಿದ್ರು. ಕಾಲರ್ ಮಾತ್ರ ಸ್ವಲ್ಪ ಸಡಿಲ. ಜೇಬೂ ಯಾಕೋ ಕಂಕುಳ ಕಡೆ ಸರಿದ ಹಾಗಿದೆ. ಒಗೆದೂ ಒಗೆದೂ ಹಾಗಾಗಿರ್ಬೇಕು.

ಕೋಮಲಾ ಕೂಡ ರಕ್ತ ಟೆಸ್ಟ್ ರಕ್ತ ಟೆಸ್ಟ್ ಅಂತ ಜಪ. ನಮ್ಮಣ್ಣ ಸಕ್ಕರೆ ಕಾಯಿಲೇಲಿ ಹೋದ್ಮೇಲೆ ಆ ಲ್ಯಾಬ್ ವಾಸನೆ ಅಂದ್ರೇ ನಂಗೆ ಆಗಲ್ಲ. ಯುಗಾದಿ ಆದ್ಮೇಲೆ ನೋಡೋಣ.

ಜನವರಿ ೧೬

ಏಳೋವಾಗ ಹಾಸಿಗೇಲಿ ಅಳತೆ ಟೇಪು. ಈ ಮನೇಲಿ ಟೇಪ್ ಸಿಗದಿರೋ ಜಾಗ ಇಲ್ಲ. ಸಕ್ಕರೆ ಡಬ್ಬೀಲೂ ಒಂದ್ಸಲ ಸಿಕ್ಕಿತ್ತು.

ಜನವರಿ ೧೮, ಭಾನುವಾರ

ಉಪ್ಪಾರಹಳ್ಳೀಲಿ ಬಸವಪ್ರಭು ಮನೆ ಮಹಡಿ. ಲಿನಕ್ಸ್ ಹುಚ್ಚು ಹಿಡಿದವರು ಏಳು ಜನ. ಒಬ್ಬ ಪಾಲಿಟೆಕ್ನಿಕ್ ಮೇಷ್ಟ್ರ ಸ್ಕ್ರೀನ್ ನೋಡ್ದೆ... ಐಕಾನ್ ಇಲ್ಲ, ಮೆನು ಇಲ್ಲ. ಕಿಟಕಿಗಳು ತಾವೇ ಹಂಚಿಕೊಂಡು ಪಕ್ಕಪಕ್ಕ ಕೂರ್ತವೆ. ಮೌಸ್ ಮುಟ್ಟೋದೇ ಇಲ್ಲ. ಹೇಗೆ? ಯಾರು ಹೇಳ್ತಾರೆ ಅವಕ್ಕೆ, ನೀನು ಇಲ್ಲಿ ಕೂರು ಅಂತ? ಒಂದು ಸಣ್ಣ ಬರಹದ ಕಡತ ತೋರಿಸಿದ್ರು, ಇಪ್ಪತ್ತು ಸಾಲು, ಅಷ್ಟೇ. ವಾಪಸ್ ಬರೋವಾಗ ಬಸ್ ಸ್ಟಾಪ್ ದಾಟಿ ಮುಂದೆ ನಡೆದುಬಿಟ್ಟಿದ್ದೆ.

ನಂಗೂ ಬೇಕು. ಹಳೇದೆಲ್ಲಾ ಒರೆಸಿ ಹೊಸದಾಗಿ ಹಾಕೋದೇ ಚೆಂದ ಅಂದ್ರು.

ಕೋಮಲಾಗೆ ಅಮೃತೂರಿಂದ ಫೋನ್. ಅವಳ ಹಳೇ ಗಿರಾಕಿ ರಂಗಮ್ಮನ ಮನೆ ಮದುವೆ. ಹದಿನಾಲ್ಕು ಬ್ಲೌಸ್. ಅವರೆಲ್ಲರ ಅಳತೆನೂ ಇದೆ, ಬರೀ ಬಟ್ಟೆ ಕಳಿಸಿ ಸಾಕು ಅಂದ್ಲು ಗತ್ತಲ್ಲಿ. ಮೂವತ್ತಕ್ಕೆ ಕತ್ತರಿ ಹಾಕ್ತಾಳಂತೆ.

ಜನವರಿ ೨೫, ಭಾನುವಾರ. ಮಧ್ಯಾಹ್ನ ೧೨

ಆಯ್ತು! ಮೊದಲು ನನ್ನ ಫೋಲ್ಡರ್ ಪೂರ್ತಿ ಪೆನ್‌ಡ್ರೈವ್‌ಗೆ. ನಲವತ್ತು ವಾಲ್‌ಪೇಪರ್, ಬಣ್ಣದ ಥೀಮ್‌ಗಳು, ಎರಡು ತಿಂಗಳು ತಿದ್ದಿದ ಸೆಟ್ಟಿಂಗು, ಒಂದನ್ನೂ ಬಿಡದೆ. ಆಮೇಲೆ ಇಡೀ ಡಿಸ್ಕ್ ಅಳಿಸಲಾ ಅಂತ ಕೇಳ್ತು. ಹೂಂ ಅಂದೆ. ಇಪ್ಪತ್ತು ನಿಮಿಷ. ಎರಡು ಕಿಟಕಿ ತೆಗೆದೆ, ಅಣ್ಣತಮ್ಮಂದಿರ ಹಾಗೆ ಅರ್ಧರ್ಧ ಹಂಚಿಕೊಂಡ್ವು. ಮೂರನೇದು ತೆಗೆದೆ, ಅದಕ್ಕೂ ಜಾಗ ಬಿಟ್ವು. ದೇವರಾಣೆ ಕಣ್ಣಲ್ಲಿ ನೀರು ಬಂತು.

ಸಂಜೆ ೪

ಕೋಮಲಾಗೂ ಲಾಗಿನ್ ಮಾಡಿಕೊಡೋಣ ಅಂತ ಹೆಸರು ಟೈಪ್ ಮಾಡ್ದೆ. ಕೋ ಅಂತ ಒತ್ತಿದಾಗ ಹೊಳೀತು.

ಅವಳ ಫೋಲ್ಡರ್ ಬೇರೆ ಇತ್ತು.

ಜನವರಿ ೨೬

ಧ್ವಜ ಹಾರಿಸಕ್ಕೆ ಹೋಗಿದ್ದೆ. ಲಡ್ಡು ಕೊಟ್ರು. ತಿನ್ನಕ್ಕಾಗ್ಲಿಲ್ಲ.

ಜನವರಿ ೨೭

ಅಪ್‌ಡೇಟ್ ಆಗ್ತಿದೆ, ಮುಟ್ಟಬೇಡ ಅಂತ ಕೋಮಲಾಗೆ ಸುಳ್ಳು ಹೇಳ್ದೆ. ಮದುವೆಯಾದ ಇಪ್ಪತ್ತಾರು ವರ್ಷದಲ್ಲಿ ಎಷ್ಟು ಸುಳ್ಳು ಹೇಳಿದೀನೋ, ಇಷ್ಟು ಕೆಟ್ಟದಾಗಿ ಯಾವತ್ತೂ ಹೇಳಿರ್ಲಿಲ್ಲ.

ಬೇರೆ ಏನೇ ಆಗಿದ್ರೂ ಮನೆಮನೆಗೆ ಹೋಗಿ ಕೇಳಿ ಬರೀಬೋದಿತ್ತು. ಇದನ್ನ? ಅಮ್ಮಾ, ನಿಮ್ಮ ಎದೆ ಸುತ್ತಳತೆ ಎಷ್ಟು ಅಂತ ನಮ್ಮ ಬೀದಿಯ ಹೆಂಗಸರನ್ನ ಕೇಳಕ್ಕಾಗತ್ತಾ? ಪೊರಕೆ ತಗೋತಾರೆ.

ನಂದು ಈ ಡೈರಿ. ಕಾಗದದಲ್ಲಿ ಭದ್ರವಾಗಿದೆ. ಅವಳ ಕಾಗದ ಮಾತ್ರ ಗುಜರಿಗೆ ಬೇಕಿತ್ತು ನಂಗೆ. ಥೂ.

ಬಸವಪ್ರಭುಗೆ ಫೋನ್ ಮಾಡ್ದೆ. ಬೈದ. ಆಫ್ ಮಾಡಿ ಮೊದಲು, ಆ ಡಿಸ್ಕ್ ಮೇಲೆ ಒಂದಕ್ಷರ ಬರೀಬೇಡಿ, ಅಳಿಸಿದ್ದು ಪೂರ್ತಿ ಅಳಿಸಿರಲ್ಲ ಅಂದ. ಹಾಗಂದ್ರೇನು? ಅಳಿಸಿದ್ಮೇಲೂ ಇರುತ್ತಾ? ಬರೀ ವಿಳಾಸ ಹೋಗಿರುತ್ತಂತೆ, ಮನೆ ಅಲ್ಲೇ ನಿಂತಿರುತ್ತಂತೆ, ಇನ್ಯಾರಾದ್ರೂ ಬಂದು ಕಟ್ಟೋವರೆಗೆ. ಇಷ್ಟು ಸಂಕಟದಲ್ಲೂ ಕೇಳ್ತಾ ಕೂತೆ. ಎಂಥಾ ಮನುಷ್ಯ ನಾನು.

ಜನವರಿ ೨೮

ಬಸವಪ್ರಭು ದೊಡ್ಡ ಡಿಸ್ಕ್ ತಂದುಕೊಟ್ಟು ಹೋದ. ಕಳೆದ ಕಡತ ಹುಡುಕೋ ತಂತ್ರಾಂಶ. ಅದೂ ಯಾರೋ ಎಲ್ಲೋ ಬರೆದು ಎಲ್ಲರಿಗೂ ಬಿಟ್ಟಿದ್ದು. ಕಪ್ಪು ಪರದೆ, ಬರೀ ಅಂಕಿ ಓಡುತ್ತೆ. ೨,೩೧೦... ೨,೩೪೪...

ಕೋಮಲಾ ಹಿಂದೆ ಬಂದು ನಿಂತಿದ್ದು ಗೊತ್ತಾಗ್ಲಿಲ್ಲ. ನಾಡಿದ್ದು ಕತ್ತರಿ ಹಾಕ್ಬೇಕು, ಅಳತೆ ತೆಗೆದುಕೊಡಿ ಅಂದ್ಲು. ಹೇಳಿಬಿಟ್ಟೆ. ಪೂರ್ತಿ. ನನ್ನ ಫೋಲ್ಡರ್ ಎತ್ತಿಟ್ಕೊಂಡಿದ್ದು, ಅವಳದ್ದು ನೆನಪೇ ಆಗದಿದ್ದು.

ಬಯ್ಯಲಿಲ್ಲ. ಓಡೋ ಅಂಕಿ ನೋಡ್ತಾ ಕೇಳಿದ್ಲು.

"ನಿಮ್ ವಾಲ್‌ಪೇಪರೆಲ್ಲಾ ಇದಾವಾ?"

ಇದಾವೆ ಅಂದೆ.

"ಹೂಂ."

ಅಷ್ಟೇ. ಒಳಗೆ ಹೋಗಿ ಮಿಷನ್ ತುಳಿಯಕ್ಕೆ ಶುರು ಮಾಡಿದ್ಲು. ಬೈದಿದ್ರೆ ವಾಸಿ ಇತ್ತು.

ಜನವರಿ ೩೦, ಶುಕ್ರವಾರ. ಬೆಳಿಗ್ಗೆ ೧೦

ರಜಾ ಹಾಕಿದೀನಿ. ಕೋಮಲಾ ಏಳು ಗಂಟೆ ಕುಣಿಗಲ್ ಬಸ್ಸಿಗೆ ಹೋದ್ಲು. ಅಲ್ಲಿಂದ ಪ್ರೈವೇಟ್ ಬಸ್ಸಲ್ಲಿ ಅಮೃತೂರು, ಕೈಲಿ ಟೇಪು. ಹದಿನಾಲ್ಕು ಜನರನ್ನೂ ಹೊಸದಾಗಿ ಅಳೀತಾಳಂತೆ. ಅಳತೆ ಇದೆ ಅಂತ ಗತ್ತಲ್ಲಿ ಹೇಳಿದವಳು.

ಹುಡುಕಾಟ ಮುಗಿದಿದೆ. ೧೧,೪೬೨ ಕಡತ. ಒಂದಕ್ಕೂ ಹೆಸರಿಲ್ಲ, ಬರೀ ನಂಬರು. ಲೆಕ್ಕದ ಹಾಳೆ ಥರದವು ಅರವತ್ತೊಂದು. ಒಂದೊಂದೇ ತೆಗೀತಿದೀನಿ. ಒಂದು ಮುರಿದಿದೆ. ಒಂದು ಖಾಲಿ. ಒಂದು ನನ್ನ ಹಳೇ ರಜಾ ಪಟ್ಟಿ.

೧೧:೨೦

ಸಿಕ್ತು! ನಲವತ್ತಮೂರನೇದು. ತಕ್ಷಣ ಫೋನ್ ಮಾಡ್ದೆ. ಒಂಬತ್ತು ಜನರದ್ದು ಅಳೆದಾಯ್ತು, ಉಳಿದಿದ್ದೂ ಮುಗಿಸ್ಕೊಂಡೇ ಬರ್ತೀನಿ, ಅರ್ಧ ಜನ ಹೇಗೂ ಬದಲಾಗಿದಾರೆ ಅಂದ್ಲು. ಆಮೇಲೆ ಅದನ್ನ ಓದಕ್ಕೆ ಹೋಗ್ಬೇಡಿ ಅಂದ್ಲು. ಯಾಕೆ? ನಾನೇ ಟೈಪ್ ಮಾಡಿದ್ದಲ್ವಾ?

೧೨

ಓದಿದೆ.

ನಾನು ಟೈಪ್ ಮಾಡಿದ್ದು ಬರೀ ಅಂಕಿ. ಆಮೇಲೆ ಅವಳೇ ಪಕ್ಕದಲ್ಲಿ ಒಂದು ಕಾಲಮ್ ಹಾಕ್ಕೊಂಡಿದಾಳೆ. ಕಾಲಮ್ ಹಾಕಕ್ಕೆ ಬರುತ್ತೆ ಅಂತಾನೇ ನಂಗೆ ಗೊತ್ತಿರ್ಲಿಲ್ಲ. ರಂಗಮ್ಮ: ಬಲ ಭುಜ ತಗ್ಗು, ಒಳಗೆ ಪ್ಯಾಡ್ ಇಡು, ಕೇಳ್ಬಾರ್ದು. ಮೂಲೆ ಮನೆಯವರು: ತಾಯಿ ಹೋದ್ಮೇಲೆ ಊಟ ಬಿಟ್ಟವ್ಳೆ, ಕೂರಿಸಿ ಮಾತಾಡಿಸು. ಇನ್ನೊಬ್ಬಳು: ಮೂರು ತಿಂಗಳು, ಮನೇಲಿ ಇನ್ನೂ ಹೇಳಿಲ್ಲ, ಪಕ್ಕ ಎರಡಿಂಚು ಬಿಡು. ಮುಚ್ಚಿಬಿಡೋಣ ಅಂತ ಕೆಳಕ್ಕೆ ಇಳಿಸ್ದೆ. ಕಟ್ಟಕಡೇ ಸಾಲು. ಹೆಸರಿನ ಜಾಗದಲ್ಲಿ "ಇವ್ರು" ಅಂತಿದೆ.

ಇವ್ರು. ಯುಗಾದಿ, ಎದೆ ೪೦. ಗೌರಿ ಹಬ್ಬ, ೩೯. ಎಲ್ಲಾ ಅಂಗಿನೂ ಪಕ್ಕ ಹಿಡಿದು ಬಿಗಿ ಮಾಡ್ದೆ. ಗೊತ್ತಾಗ್ಬಾರ್ದು, ಅಣ್ಣನ್ನ ನೆನೆಸ್ಕೊಂಡು ನಿದ್ದೆ ಬಿಡ್ತಾರೆ. ದೀಪಾವಳಿ, ೩೮. ಮತ್ತೆ ಹಿಡಿದೆ. ಟೆಸ್ಟ್ ಅಂದ್ರೆ ಅಂಗಿ ತೋರಿಸ್ತಾರೆ. ಸಂಕ್ರಾಂತಿ, ಮಲಗಿದ್ದಾಗ ಅಳೆದೆ, ೩೭. ಇನ್ನು ಹಿಡಿದ್ರೆ ಜೇಬು ಕಂಕುಳಿಗೆ ಹೋಗುತ್ತೆ. ಹಿಡಿದಿದ್ದೇ ತಪ್ಪಾಯ್ತು. ಬಿಚ್ಚಿ ತೋರಿಸ್ಬೇಕು. ಧೈರ್ಯ ಇಲ್ಲ.

ಗೂಟದಲ್ಲಿದ್ದ ನೀಲಿ ಅಂಗಿ ತೆಗೆದು ಒಳಗೆ ತಿರುಗಿಸಿ ನೋಡ್ದೆ. ಮೊದಲಿನ ಹೊಲಿಗೆ ಪಕ್ಕ ಹೊಸದಾಗಿ ಇನ್ನೆರಡು ಸಾಲು, ಒಂದರ ಪಕ್ಕ ಒಂದು. ಒಂದು ಪಟ್ಟಿ ಯಾಕೆ ಮಾಯ ಆಯ್ತು ಅಂತ ಮುಕ್ಕಾಲು ಗಂಟೆ ಹುಡುಕಿದವನು ನಾನು. ನನ್ನ ಜೇಬು ಯಾಕೆ ಸರೀತು ಅಂತ ಒಂದು ನಿಮಿಷ ಹುಡುಕಲಿಲ್ಲ. ಭಯ ಆಗ್ತಿದೆ. ನಿಜವಾಗ್ಲೂ ಭಯ ಆಗ್ತಿದೆ.

ಬ್ಲೇಡ್ ತಗೊಂಡು ಹೊಸ ಸಾಲು ಎರಡೂ ಬಿಚ್ಚಿದೆ.

ಸಂಜೆ ೬

ಬಿಚ್ಚಿದ ಅಂಗಿ ಹಾಕ್ಕೊಂಡು ಬಾಗಿಲು ತೆಗೆದೆ. ಮೈ ಮೇಲೆ ಜೋಲಾಡ್ತಿತ್ತು. ಕೋಮಲಾ ಚಪ್ಪಲಿ ಬಿಡೋದು ಮರೆತು ನಿಂತಳು.

"ಓದಿದ್ರಾ?"

ಓದ್ದೆ ಅಂದೆ. ಬ್ಯಾಗ್ ಇಟ್ಟು ಅಲ್ಲೇ ಹೊಸ್ತಿಲ ಮೇಲೆ ಕೂತು ಅತ್ತಳು. ನಾನೂ ಪಕ್ಕ ಕೂತೆ. ನಾಳೆ ಬೆಳಿಗ್ಗೆ ಏನೂ ತಿನ್ನದೆ ಲ್ಯಾಬಿಗೆ, ಇಬ್ರೂ. ಅವಳ ಕಡತದ ಮೂರು ಪ್ರತಿ ಮಾಡಿದೀನಿ, ಒಂದು ಕಾಗದದಲ್ಲಿ. ಪಾಸ್‌ವರ್ಡ್ ಅವಳೇ ಹಾಕ್ಕೊಂಡ್ಲು, ನನ್ನ ಆ ಕಡೆ ತಿರುಗಿಸಿ ಕೂರಿಸಿ. ಏನಿಟ್ಟಳೋ. ಕೇಳಲ್ಲ.

ಎದ್ದಿರೋವಾಗ್ಲೇ ಅಳತೆ ತಗೋ ಈ ಸಲ ಅಂದೆ. ಟೇಪ್ ತಂದಿದಾಳೆ. ಎಡಗೈ ಎತ್ತಿದೀನಿ, ಬಲಗೈಲಿ ಇದು. ಪೆನ್ನು ಇಟ್ಟು ಎರಡೂ ಎತ್ತಿ ಅಂತಾಳೆ. ಬೆನ್ನ ಹಿಂದಿಂದ ಟೇಪ್ ಸುತ್ತಿ ಬಂತು, ತಣ್ಣಗಿದೆ. ಎಷ್ಟು ಬಂದ್ರೂ ಜೋರಾಗಿ ಹೇಳು ಅಂದೆ. ಹೇಳ್ತಿದಾಳೆ, ಮೂವತ್...