ವಾಪಸ್ ತೆಗೆದುಕೊಳ್ಳದ ಫಂಡು

ಭಾನುವಾರ, ಮಧ್ಯಾಹ್ನ

ಬೇಕರಿ ಸಾಹುಕಾರರಿಗೆ ನಮಸ್ಕಾರ.

ನಾವು ಬೇರೆಯಾದ ಮೇಲೆ ನಿಮ್ಮ ಕೈಬರಹ ಕಂಡದ್ದು ಇದೇ ಮೊದಲು. ಹೊಸ ಓವನ್ ಬಂತೆಂದು ಓದಿ ಸಂತೋಷವಾಯಿತು. ಹಳೆಯದು ಕೆಟ್ಟು ಅಂಗಡಿ ಮುಚ್ಚುವ ಹಂತಕ್ಕೆ ಬಂದಾಗಲೂ, ನನ್ನ ತಮ್ಮನ ಕೈಲಿ ಕಳಿಸಿದ ದುಡ್ಡನ್ನು ನೀವು ಹಾಗೇ ಹಿಂದಿರುಗಿಸಿದಿರಿ. ಈಗ ನನ್ನ ಹಂಗಿಲ್ಲದೆಯೇ ಗೆದ್ದೆನೆಂದು ತಿಳಿಸಲು ಬರೆದಿದ್ದೀರಿ. ಆಗಲಿ.

ಓವನ್ನಿಗೆಂದು ಫಂಡಿನಲ್ಲಿದ್ದ ಹಣ ವಾಪಸ್ ಕೇಳಲು ಹೋಗಿ ನೀವು ಅವರ ಆಫೀಸಿನಲ್ಲಿ ರಂಪ ಮಾಡಿದ ಸುದ್ದಿ ನಾನು ಕೆಲಸ ಮಾಡುವ ಷೇರು ದಲ್ಲಾಳಿಯ ಆಫೀಸಿಗೂ ಮುಟ್ಟಿದೆ. ‘ಮಾರದೆ ಉಳಿದ ಬ್ರೆಡ್ಡನ್ನ ನಾನು ಅಂಗಡಿಯೋರಿಂದ ವಾಪಸ್ ತಗೊಳಲ್ವಾ? ನೀವ್ಯಾಕೆ ತಗೊಳಲ್ಲ?’ ಎಂದು ಕೌಂಟರಿನ ಹುಡುಗಿಯನ್ನು ತರಾಟೆಗೆ ತೆಗೆದುಕೊಂಡಿರಂತೆ. ಪಾಪ, ಅವಳೇನು ಮಾಡಿಯಾಳು? ಅದು ಕ್ಲೋಸ್ಡ್ ಎಂಡ್ ಫಂಡು. ಮದುವೆಯಾದ ಹೊಸತರಲ್ಲಿ ನಿಮ್ಮ ಹೆಸರಿಗೆ ಕೊಳ್ಳುವಾಗಲೇ ಹೇಳಿದ್ದೆ, ನೀವು ಆಕಳಿಸುತ್ತಿದ್ದಿರಿ. ಶುರುವಿನಲ್ಲಿ ಒಮ್ಮೆ ಹಣ ಕೂಡಿಸಿ ಬಾಗಿಲು ಹಾಕುತ್ತಾರೆ. ಆಮೇಲೆ ಹೊಸಬರಿಂದ ತೆಗೆದುಕೊಳ್ಳುವುದಿಲ್ಲ, ಅವಧಿ ಮುಗಿಯುವವರೆಗೆ ಹಳಬರಿಗೆ ಹಿಂದಿರುಗಿಸುವುದೂ ಇಲ್ಲ. ನಡುವೆ ಹಣ ಬೇಕೆಂದರೆ ನಮ್ಮ ಪಾಲನ್ನು ಷೇರುಪೇಟೆಯಲ್ಲಿ ಇನ್ನೊಬ್ಬರಿಗೆ ಮಾರಬೇಕು. ಕೊಳ್ಳುವವರು ಕಡಿಮೆ, ಹಾಗಾಗಿ ನೂರು ಬಾಳುವುದಕ್ಕೆ ಎಂಬತ್ತು ಸಿಕ್ಕರೆ ಹೆಚ್ಚು.

ನಿಮಗೆ ತೊಂಬತ್ತೈದು ಸಿಕ್ಕಿದೆ. ‘ಯಾವನೋ ದಡ್ಡ ಸಿಕ್ಕಿದ’ ಎಂದು ಬರೆದು ಅದರ ಕೆಳಗೆ ಗೆರೆ ಬೇರೆ ಎಳೆದಿದ್ದೀರಿ. ಅಷ್ಟು ಬೀಗಬೇಡಿ. ಮೂರು ವರ್ಷ ಕಾದರೆ ಫಂಡಿನ ಅವಧಿ ಮುಗಿಯುತ್ತದೆ, ಆಗ ಆ ದಡ್ಡನಿಗೆ ಅಂದಿನ ಪೂರ್ತಿ ಬೆಲೆ ಸಿಗುತ್ತದೆ. ಬೆಲೆ ಏರಿದ್ದರೆ ಲಾಭ, ಇಳಿದಿದ್ದರೆ ಅವನ ಹಣೆಬರಹ.

ಇಲ್ಲಿ ಎಲ್ಲ ಮಾಮೂಲು. ಮನೆಯ ಕೆಳಗಿನ ಅಂಗಡಿಯಲ್ಲಿ ಬ್ರೆಡ್ ತರುತ್ತೇನೆ. ಮುಟ್ಟಿದರೆ ಪುಡಿಪುಡಿಯಾಗುತ್ತದೆ. ಆಗೆಲ್ಲ ನಿಮ್ಮ ನೆನಪಾಗುತ್ತದೆ, ಬೇಸರವೂ ಆಗುತ್ತದೆ.

ಇಂತು,
ನೀವು ‘ಕಂಜೂಸಿ’ ಎಂದು ಕರೆಯುತ್ತಿದ್ದವಳು

ತಾ.ಕ.: ಆ ದಡ್ಡ ಗಂಡಸಲ್ಲ. ಓದಿದ ಕೂಡಲೇ ಓವನ್ ಮಾರಲು ಹೊರಡಬೇಡಿ. ನಾನು ನಿಮಗೆ ದುಡ್ಡು ಕೊಟ್ಟಿಲ್ಲ, ನಿಮ್ಮ ಪಾಲನ್ನು ಕೊಂಡಿದ್ದೇನೆ, ಅದೂ ಅಗ್ಗಕ್ಕೆ. ಫಂಡಿನವರ ಹಾಗೆ ನಾನೂ ಈ ಮೂರು ವರ್ಷ ಒಂದು ಕಾಸನ್ನೂ ವಾಪಸ್ ತೆಗೆದುಕೊಳ್ಳುವುದಿಲ್ಲ. ಬ್ರೆಡ್ ಆದರೆ ತೆಗೆದುಕೊಳ್ಳುತ್ತೇನೆ. ಅಂಗಡಿಗಳಿಂದ ವಾಪಸ್ ಬಂದದ್ದಲ್ಲ, ಅಂದು ಬೇಯಿಸಿದ್ದು. ನೀವೇ ತನ್ನಿ.