ಐದನೇ ದೀಪ

ರೀ,

ಮಾರೇನಹಳ್ಳಿಗೆ, ಅಮ್ಮನ ಮನೆಗೆ ಹೋಗ್ತಾ ಇದೀನಿ. ಏಳೂವರೆಗೆ ಬರ್ತೀನಿ. ಹುಳಿ ಮಾಡಿಟ್ಟಿದೀನಿ, ಬಿಸಿ ಮಾಡ್ಕೊಳ್ಳಿ.

ಯುಗಾದಿಯಿಂದ ಫ್ರಿಜ್ ಮೇಲೆ ಕೂತಿದ್ದ ಗಾರ್ಡನ್ ಲೈಟಿನ ಡಬ್ಬ ಇವತ್ತು ನಾನೇ ಬಿಚ್ಚಿದೆ. ನಿಮಗೆ ಪುರುಸೊತ್ತಿಲ್ಲ, ಗೊತ್ತು. ಉಲ್ಲಾಳದಲ್ಲಿ ನಿಮ್ಮ ತಂಗಿ ಕಲಾ ಮನೆ ತೋಟಕ್ಕೆ ಮಾತ್ರ ಒಂದೇ ಭಾನುವಾರದಲ್ಲಿ ಹತ್ತು ದೀಪ ಹಾಕಿಕೊಟ್ಟು ಬಂದಿರಿ. ತುಳಸಿಕಟ್ಟೆಗೂ ಒಂದು. "ನಮ್ಮಣ್ಣನ ಕೆಲಸ ನೋಡಿ ಅತ್ತಿಗೆ" ಅಂತ ಅವಳೇ ಫೋಟೋ ಕಳಿಸಿದಳು. ನೋಡಿದೆ.

ಹನ್ನೆರಡೇ ವೋಲ್ಟು, ಶಾಕ್ ಹೊಡೆಯಲ್ಲ ಅಂತ ಅವಳಿಗೆ ಕೂರಿಸಿಕೊಂಡು ಹೇಳಿಕೊಟ್ಟಿರಂತೆ. ನಾನು ಡಬ್ಬದ ಮೇಲೆ ಓದಿ ತಿಳ್ಕೊಂಡೆ.

ದೀಪಗಳಿಗೆ ನಾನೇ ಎಳೆದ ವೈರ್ ಮೇಲೆ ಇನ್ನೂ ಮಣ್ಣು ಮುಚ್ಚಿಲ್ಲ. ಅದನ್ನಾದರೂ ಮುಚ್ಚಿ. ಕತ್ತಲಾದ ಮೇಲೆ ಬಾಗಿಲ ಹಿಂದಿನ ಸ್ವಿಚ್ ಹಾಕಿ.

ನಾಲ್ಕು ದೀಪ ಗೇಟಿನ ದಾರಿಗೆ ನೆಟ್ಟಿದೀನಿ. ಐದನೆಯದು ಕರಿಬೇವಿನ ಗಿಡದ ಹತ್ತಿರ, ದಿನಾ ಸಂಜೆ ನೀವು ನಿಂತು ಕಲಾ ಜೊತೆ ಫೋನಲ್ಲಿ ಮಾತಾಡೋ ಜಾಗದಲ್ಲಿ. ಅದನ್ನ ಕೀಳಬೇಡಿ. ನಿಮ್ಮ ನಗು ಅಡುಗೆಮನೆವರೆಗೂ ಕೇಳಿಸುತ್ತೆ. ಆಗ ನಿಮ್ಮ ಮುಖ ಹೇಗಿರುತ್ತೆ ಅಂತ ನಾನೂ ಒಂದು ಸಲ ನೋಡಬೇಕು.